ಪ್ರಯೋಜನ ತೀರಿದ ಮೇಲೆ

ಚೀನಾ ದೇಶದ ಸಿಚುವಾನ್ ಪ್ರಾಂತದಲ್ಲಿ, ಲೆಶಾನ್ ನಗರಾಡಳಿತಕ್ಕೆ ಸೇರಿದ ಚಿಯನ್‌ವೆಯ್ ಸೀಮೆಯಲ್ಲಿ, ಶಿಷಿ ಎಂಬ ಊರಿನಿಂದ ಹೊರಟು, ಬಾಗೌ ಎಂಬ ಗಣಿಗಾರರ ಪೇಟೆಯನ್ನು ಮುಟ್ಟಿ, ಹ್ವಾಂಗ್‌ಸುನ್ ಗಣಿಯ ಬಾಯಿಯವರೆಗೆ ಬೆಟ್ಟಗಳ ಪಕ್ಕೆಯನ್ನು ಬಳಸಿ ಬಳಸಿ ಏರುವ ಒಂದು ಕಿರುರೈಲುದಾರಿಯುಂಟು. ಜಿಯಾಯಾಂಗ್ ಕಲ್ಲಿದ್ದಲು ಗಣಿಯ ರೈಲೆಂದು ಅದರ ಹೆಸರು. ಉದ್ದ ಇಪ್ಪತ್ತು ಕಿಲೋಮೀಟರಿಗೆ ತುಸು ಕಡಿಮೆ. ಕಂಬಿಗಳ ನಡುವಣ ಅಂತರ 762 ಮಿಲಿಮೀಟರು, ಎಂದರೆ ಎರಡೂವರೆ ಅಡಿ. ಹಿತ್ತಿಲು ಹಿತ್ತಿಲಿನಲ್ಲಿಯೂ ಕುಲುಮೆ ಹೂಡಿ ಉಕ್ಕು ತೆಗೆಯಬೇಕೆಂಬ ಆವೇಶ ದೇಶವನ್ನೆಲ್ಲ ಆವರಿಸಿದ್ದ 1958ರಲ್ಲಿ ಇದರ ಕೆಲಸವನ್ನು ಹಿಡಿದು, ಮರುವರ್ಷವೇ ಬಂಡಿಯೋಡಿಸಿದರು. ಆ ಆವೇಶದ ಬೆನ್ನಿಗೆ ಬಂದ ಮಹಾಕ್ಷಾಮದಲ್ಲಿ ಸಿಚುವಾನಿನಷ್ಟು ನೊಂದ ಪ್ರಾಂತಗಳು ವಿರಳ. ಕುಲುಮೆಗಳು ಆರಿದುವು, ರೈಲು ಉಳಿಯಿತು.

ಕಾಲಾಂತರದಲ್ಲಿ ಹ್ವಾಂಗ್‌ಸುನಿನ ಗಣಿಯೂ ಬರಿದಾಯಿತು. ಹೊರುವುದಕ್ಕೆ ಇದ್ದಲಿಲ್ಲದ ಬಂಡಿ ಲೆಕ್ಕದ ಪುಸ್ತಕದಲ್ಲಿ ನಷ್ಟದ ಬಾಬ್ತಾಗುವುದು ಸಹಜ. ಆದರೆ ಮೋಟಾರು ನಡೆಯುವ ರಸ್ತೆಯಿಲ್ಲದ ಆ ಬೆಟ್ಟದ ಹಳ್ಳಿಗರಿಗೆ ಸಂತೆಗೂ ಶಾಲೆಗೂ ಆಸ್ಪತ್ರೆಗೂ ಅದೊಂದೇ ದಾರಿಯಾಗಿತ್ತು. ಅಷ್ಟರಲ್ಲಿ ಹಬೆಯ ಎಂಜಿನೆಂಬುದೇ ಲೋಕದಿಂದ ಮರೆಯಾಗತೊಡಗಿ, ಒಳಮಂಗೋಲಿಯದ ಜಿತೋಂಗ್ ಮಾರ್ಗದಲ್ಲಿಯೂ 2005ರಲ್ಲಿ ಅದರ ಯುಗ ಮುಗಿಯಲು, ದೇಶದೇಶಗಳ ಕುತೂಹಲಿಗಳು ಕ್ಯಾಮರಾ ಹಿಡಿದು ಈ ಮೂಲೆಯನ್ನು ಅರಸಿಕೊಂಡು ಬಂದರು. ಇಂದು ಅದು ಓಡುವುದು ಬಹುಮಟ್ಟಿಗೆ ಅವರ ಹಣದಿಂದ. ಯಾವ ಪ್ರಯೋಜನಕ್ಕಾಗಿ ಒಂದು ವಸ್ತು ಹುಟ್ಟಿತೋ ಆ ಪ್ರಯೋಜನ ತೀರಿದ ಮೇಲೂ ಅದರ ಕ್ರಿಯೆ ಎಂದಿನಂತೆಯೇ ನಡೆದಿದ್ದರೆ, ನಡೆಯುತ್ತಿರುವುದು ಅದೇ ಕ್ರಿಯೆಯೆ, ಅಥವಾ ಅದರ ವೇಷವನ್ನು ತೊಟ್ಟ ಮತ್ತೊಂದೆ?

ಬಿಡಿಭಾಗಗಳನ್ನು ಲೆಕ್ಕಹಾಕಿ ಇದಕ್ಕೆ ಉತ್ತರ ಹೇಳಹೊರಡುವವರುಂಟು. ಚಕ್ರ ರಥವೋ, ಅಚ್ಚು ರಥವೋ, ನೊಗ ರಥವೋ ಎಂದು ಮಿಲಿಂದ ರಾಜನನ್ನು ನಾಗಸೇನ ಭಿಕ್ಷು ತಡೆದು ನಿಲ್ಲಿಸಿದ ಕಥೆ ಪ್ರಸಿದ್ಧವಾದುದು. ಒಂದು ಎಂಜಿನಿನ ಬಾಯ್ಲರನ್ನು ಇನ್ನೊಂದಕ್ಕೆ ಕೂಡಿಸಿ, ಸವೆದ ಚಕ್ರಕ್ಕೆ ಹೊಸ ಪಟ್ಟಿ ತೊಡಿಸಿ ದಶಕಗಳನ್ನು ದೂಡುವ ಷೆಡ್ಡಿನವರು ಆ ಪ್ರಶ್ನೆಯನ್ನು ಕೇಳಿದರೆ ನಕ್ಕಾರು. ನನ್ನ ಶಂಕೆ ಭಾಗಗಳನ್ನು ಕುರಿತದ್ದಲ್ಲ. ಒಂದು ಮೊಳೆಯೂ ಬದಲಾಗದೆ ಇದ್ದರೂ ಆ ಶಂಕೆ ಉಳಿಯುತ್ತದೆ.

ಚೀನೀ ದಾರ್ಶನಿಕ ಜ್ವಾಂಗ್‌ಜಿ ಹೆಚ್ಚು ಹತ್ತಿರಕ್ಕೆ ಬರುತ್ತಾನೆ. ದೋಣಿ ಮಾಡಿದರೆ ಮುಳುಗುವ, ಶವಪೆಟ್ಟಿಗೆ ಮಾಡಿದರೆ ಕೊಳೆಯುವ ಮರವೆಂದು ಬಡಗಿ ಜರೆದು ಹೋದ ಗುಡಿಯ ಮಹಾವೃಕ್ಷವೊಂದು ಆ ಬಡಗಿಯ ಕನಸಿನಲ್ಲಿಯೇ ಕಾಣಿಸಿಕೊಂಡು, ನಿರುಪಯೋಗವೇ ತನ್ನ ಆಯುಸ್ಸಿನ ಗುಟ್ಟೆಂದು ತಿಳಿಸಿದ ಆಖ್ಯಾನ ಜ್ವಾಂಗ್‌ಜಿಯದು. ರೈಲಿನ ಗತಿ ಅದಕ್ಕಿಂತ ಜಟಿಲ: ಉಪಯೋಗವಿದ್ದಷ್ಟು ಕಾಲ ಉಪಯೋಗದಿಂದ ಬದುಕಿತು, ಆ ಮೇಲೆ ನಿರುಪಯೋಗವೇ ಮಾರಾಟದ ಸರಕಾಯಿತು. ಮರ ಮಾತ್ರ ನೋಡುವವರಿಗೆಂದು ಎಲೆಯನ್ನು ಬೇರೆ ರೀತಿಯಲ್ಲಿ ಅಲುಗಿಸಬೇಕಾಗಿರಲಿಲ್ಲ.

ರೈಲು ಅಲುಗಿಸುತ್ತದೆ. ಬೆಟ್ಟದ ಬಳುಕಿನಲ್ಲಿ ಕಂಬಿ ಕುದುರೆಲಾಳದಂತೆ ಬಾಗುವ ಸೈಜಿಬಾ ಎಂಬಲ್ಲಿ ಪ್ರೇಕ್ಷಕರನ್ನು ಇಳಿಸಿ, ಬಂಡಿ ಬಂದ ದಾರಿಯಲ್ಲೇ ಹಿಂದಕ್ಕೆ ಸರಿದು ಮರೆಯಾಗಿ, ಮತ್ತೆ ಮೊದಲ ಬಾರಿ ಬರುತ್ತಿರುವುದೋ ಎಂಬಂತೆ ಬರುತ್ತದೆ. ಆಗ ಚಾಲಕನು ಸಿಲಿಂಡರಿನ ತೂಬುಗಳನ್ನು ತೆರೆಯುತ್ತಾನೆ. ನಾಲ್ಕು ಜೊತೆ ಚಕ್ರಗಳ ಆ ಪುಟ್ಟ ಎಂಜಿನು ತನ್ನ ಎರಡು ಮಗ್ಗುಲಿಗೂ ಬಿಳಿಯ ಹಬೆಯನ್ನು ಚೆಲ್ಲುತ್ತದೆ. ಚಿಮಣಿಯಿಂದ ಕಪ್ಪು ಹೊಗೆ ದಟ್ಟವಾಗಿ ಎದ್ದಷ್ಟೂ ಕ್ಯಾಮರಾದವರಿಗೆ ಸಂತೋಷ. ಬೆಂಕಿಯವನ ಕಸುಬನ್ನು ಬಲ್ಲವರಿಗೆ ಇಲ್ಲಿಯ ವಿಪರ್ಯಾಸ ಹೊಳೆಯದೆ ಇರದು. ಕರಿಹೊಗೆಯೆಂದರೆ ಅರೆಬೆಂದ ಇದ್ದಲು, ಹೊಣೆಗೇಡಿ ಸಲಿಕೆ. ತೂಬಿನಿಂದ ಸುಮ್ಮನೆ ಹೋದ ಹಬೆಯೆಂದರೆ ಎಳೆಯದೆ ಹಾಳಾದ ಬಲ. ತೆಳ್ಳಗೆ ಹರಡಿದ ಬೆಂಕಿ, ತಿಳಿಯಾದ ಚಿಮಣಿ, ಮುಳ್ಳು ಕದಲದ ಒತ್ತಡ, ಇವು ಅವನ ಗುರುಗಳು ಅವನಿಗೆ ಕಲಿಸಿದ ಶೀಲ. ಈಗ ಆ ಬಳುಕಿನಲ್ಲಿ, ಆ ಕೆಲವು ನಿಮಿಷಗಳಲ್ಲಿ, ಅವನ ದೋಷವೇ ಗುಣವೆನಿಸುತ್ತದೆ.

ಕರ್ಮದ ತಾದಾತ್ಮ್ಯವಿರುವುದು ಸಂಕಲ್ಪದಲ್ಲಿ ಎಂದು ನಮ್ಮ ಶಾಸ್ತ್ರಕಾರರು ಹೇಳುವುದುಂಟು; ಪ್ರಯೋಜನವಿಲ್ಲದೆಯೂ ಕ್ರಿಯೆ ಸಲ್ಲುತ್ತದೆಂದು ತೋರಿಸಲು ಬಾದರಾಯಣರು ಲೀಲೆಯನ್ನು ಮುಂದಿಟ್ಟರು. ಲೀಲೆ ಆಪ್ತಕಾಮನಾದವನಿಗೆ ಒಪ್ಪುತ್ತದೆ. ಸಂಬಳಕ್ಕೆ ದುಡಿಯುವ ಬೆಂಕಿಯವನು ಆಪ್ತಕಾಮನಲ್ಲ. ಅವನ ಸಂಕಲ್ಪ ಗಣಿಯ ಕಾಲದಲ್ಲಿಯೂ ಸಂಬಳವೇ, ಇಂದೂ ಸಂಬಳವೇ. ಆದ್ದರಿಂದ ಸಂಕಲ್ಪವೂ ನನಗೆ ಸಾಲದೆಂದು ತೋರುತ್ತದೆ. ಒಂದು ಕ್ರಿಯೆ ಯಾವುದೆಂದು ತಿಳಿಯಬೇಕಾದರೆ ಅದರಲ್ಲಿ ಯಾವುದು ತಪ್ಪೆನಿಸುತ್ತದೆ ಎಂಬುದನ್ನು ಕೇಳಬೇಕು. ತಪ್ಪಿನ ಲಕ್ಷಣ ಬದಲಾದ ಕ್ಷಣದಲ್ಲಿ, ಅದೇ ಕೈ ಅದೇ ಸಲಿಕೆಯನ್ನು ಹಿಡಿದಿದ್ದರೂ, ಕ್ರಿಯೆ ಬೇರೆಯಾಯಿತು.

ಅದೇ ಲೆಶಾನಿನಲ್ಲಿ ಮೂರು ನದಿಗಳು ಕೂಡುವೆಡೆ, ದೋಣಿಗಳನ್ನು ನುಂಗುತ್ತಿದ್ದ ಪ್ರವಾಹ ಶಾಂತವಾಗಲೆಂದು ಹೈತೋಂಗ್ ಭಿಕ್ಷುವು 713ರಲ್ಲಿ ಕೊರೆಯಿಸತೊಡಗಿದ 71 ಮೀಟರ್ ಎತ್ತರದ ಬುದ್ಧನನ್ನು ಈಗ ನೋಡಲು ಬರುವವರಲ್ಲಿ ದೋಣಿಯ ಭಯದಿಂದ ಬರುವವರಿಲ್ಲ. ಆದರೂ ಧೂಪ ಹಚ್ಚಿ ತಲೆಬಾಗುವವನು ಅಲ್ಲಿರುವತನಕ ಅಲ್ಲಿ ಪೂಜೆಯೂ ನಡೆಯುತ್ತಿದೆ, ಪ್ರದರ್ಶನವೂ ನಡೆಯುತ್ತಿದೆ. ಒಂದು ಇನ್ನೊಂದನ್ನು ಸುಳ್ಳುಮಾಡಿಲ್ಲ.

ಹಾಗೆಯೇ ಸೈಜಿಬಾದ ಬಳುಕನ್ನು ಬಿಟ್ಟರೆ ದಾರಿಯ ಉಳಿದೆಡೆಯಲ್ಲಿ ರೈಲಿನ ಹಳೆಯ ನಿಯಮವೇ ನಡೆಯುತ್ತದೆ. ಮಿಫೆಂಗ್‌ಯಾನ್ ಎಂಬಲ್ಲಿ ದಾರಿ ಹಿಮ್ಮುರಿದು ಏರಬೇಕಾಗಿರುವುದರಿಂದ ಎಂಜಿನನ್ನು ಬಿಡಿಸಿ, ಇನ್ನೊಂದು ತುದಿಗೆ ತಂದು ಕೂಡಿಸುತ್ತಾರೆ. ಸುರಂಗದ ಕತ್ತಲೆಯಲ್ಲಿ ಹೊಗೆ ಹೆಚ್ಚಾದರೆ ಉಸಿರು ಕಟ್ಟುವುದು ಬೆಂಕಿಯವನಿಗೇ. ಏರಿನ ನಡುವೆ ಒತ್ತಡ ಇಳಿದರೆ ಬಂಡಿ ನಿಲ್ಲುವುದು ನಿಜವಾಗಿಯೇ. ಪ್ರವಾಸಿಗಳ ಬೋಗಿಗಳಲ್ಲದೆ ಊರವರ ಬೋಗಿಗಳೂ ಈ ದಾರಿಯಲ್ಲಿ ಓಡುತ್ತವೆ. ಬುಟ್ಟಿಯಲ್ಲಿ ಕೋಳಿಗಳನ್ನಿಟ್ಟುಕೊಂಡು ಸಂತೆಗೆ ಹೊರಟ ಹೆಂಗಸಿಗೆ ಹೊಗೆ ಕಪ್ಪೋ ಬಿಳುಪೋ ಎಂಬುದು ಸಂಬಂಧವಿಲ್ಲದ ವಿಷಯ. ಸಂತೆ ಕೂಡಿರುವಾಗಲೇ ಬಂಡಿ ಅವಳನ್ನು ಇಳಿಸಬೇಕು. ಇಳಿಸದಿದ್ದರೆ ತಪ್ಪು ಚಾಲಕನದೆಂದು ಅವಳು ಅವನ ಮುಖಕ್ಕೆ ಹೇಳಿಯಾಳು, ಅವನೂ ಅದನ್ನು ಒಪ್ಪಿಯಾನು.