ಯಾರ ಪಾಯಿಂಟು?

ಸಯನ್‌ನಲ್ಲಿ ಭಾನುವಾರ ಬೆಳಿಗ್ಗೆ ನಾವು ನಾಲ್ವರು ಡಬಲ್ಸ್ ಆಡುತ್ತೇವೆ. ಹತ್ತಾರು ವರ್ಷಗಳಿಂದ ನನ್ನ ಫೋರ್‌ಹ್ಯಾಂಡ್ ಒಂದೇ ಬಗೆಯದು: ಚೆಂಡು ಮೈ ಪಕ್ಕಕ್ಕೆ ಬರುವವರೆಗೆ ಕಾದು ಮಣಿಕಟ್ಟಿನಿಂದ ತಳ್ಳುವುದು. ಅಂದವಿಲ್ಲ, ವೇಗವಿಲ್ಲ, ಆದರೆ ಚೆಂಡು ಗೆರೆಯೊಳಗೆ ಬೀಳುತ್ತದೆ.

ಈ ಸಲ ಮಳೆಗಾಲ ಮುಗಿದ ಮೇಲೆ ಅದನ್ನು ತಿದ್ದಿಕೊಳ್ಳಲು ಹೊರಟೆ. 2024ರ ಜನವರಿಯಲ್ಲಿ ಕೊಡಗಿನ ರೋಹನ್ ಬೋಪಣ್ಣ 43ನೇ ವಯಸ್ಸಿನಲ್ಲಿ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದಾಗಿನಿಂದ, ವಯಸ್ಸಾಯಿತು ಎಂಬ ನೆಪ ನನಗೆ ಉಳಿದಿರಲಿಲ್ಲ.

ಮಾಡಬೇಕಾದ್ದನ್ನು ಹೇಳುವುದು ಸುಲಭ. ಹಿಡಿತವನ್ನು ಕಾಂಟಿನೆಂಟಲ್‌ನಿಂದ ಸೆಮಿ ವೆಸ್ಟರ್ನ್‌ಗೆ ಬದಲಿಸಬೇಕು. ಎದುರಾಳಿ ಹೊಡೆದ ಕೂಡಲೇ ಭುಜ ತಿರುಗಿಸಬೇಕು. ಚೆಂಡನ್ನು ಮೈಯ ಮುಂದೆ ಸಂಧಿಸಿ, ರ‍್ಯಾಕೆಟ್ಟನ್ನು ಕೆಳಗಿನಿಂದ ಮೇಲಕ್ಕೆ ಒಯ್ಯಬೇಕು. ಆಗ ಚೆಂಡು ಮುಂದಕ್ಕೆ ಉರುಳುವಂತೆ ಸುತ್ತುತ್ತ, ನೆಟ್ಟಿನಿಂದ ಎಷ್ಟೋ ಮೇಲೆ ಹೋದರೂ ಕೋರ್ಟಿನೊಳಗೇ ಇಳಿಯುತ್ತದೆ. ಚೆಂಡು ತಂತಿಗೆ ತಾಗಿರುವುದು ಸೆಕೆಂಡಿನ 200ರಲ್ಲಿ ಒಂದು ಭಾಗದಷ್ಟು ಹೊತ್ತು. ಅಷ್ಟರಲ್ಲಿ ಯೋಚನೆಗೆ ಎಡೆಯಿಲ್ಲ, ಕೈಗೆ ರೂಢಿಯಾದದ್ದೇ ನಡೆಯುತ್ತದೆ. ಹಾಗಾಗಿ ಹಳೆಯದು ಬಿಟ್ಟು ಹೊಸದು ಕೂರುವ ನಡುವೆ, ಎರಡೂ ಇಲ್ಲದ ಕೆಲವು ತಿಂಗಳುಗಳಿರುತ್ತವೆ.

ಆ ತಿಂಗಳುಗಳ ನಷ್ಟ ಯಾರ ಲೆಕ್ಕಕ್ಕೆ? ಸಯನ್ ಎಂದರೆ ಮರಾಠಿಯ ಶೀವ್, ಗಡಿ. ಒಂದು ಕಾಲಕ್ಕೆ ಇಂಗ್ಲಿಷರ ಮುಂಬೈ ಇಲ್ಲಿ ಮುಗಿದು, ಆಚೆ ಪೋರ್ಚುಗೀಸರ ಸಾಷ್ಟಿ ಶುರುವಾಗುತ್ತಿತ್ತು. ನನ್ನ ಪ್ರಶ್ನೆಯೂ ಗಡಿಯದೇ. ನನ್ನ ಕಲಿಕೆ ಎಲ್ಲಿ ಮುಗಿಯುತ್ತದೆ, ಇನ್ನೊಬ್ಬರ ಭಾನುವಾರ ಎಲ್ಲಿ ಶುರುವಾಗುತ್ತದೆ?

ನನ್ನ ಜೊತೆಗಾರರು ಬ್ಯಾಂಕಿನಿಂದ ನಿವೃತ್ತರಾದ ಉಡುಪಿ ಕಡೆಯವರು. ವಾರವಿಡೀ ಕಾಯುವುದು ಈ ಒಂದೂವರೆ ಗಂಟೆಗಾಗಿ. ಮೂರು ಭಾನುವಾರ ನನ್ನ ಹೊಸ ಹೊಡೆತ ಹಿಂದಿನ ಬೇಲಿಗೆ ಬಡಿಯಿತು. ಮೂರೂ ಸಲ ಸೋತೆವು. ಕೊನೆಗೆ ವಿಷಯ ಹೇಳಿದೆ. ಅವರು ನೀರಿನ ಬಾಟಲಿ ಕೆಳಗಿಟ್ಟು, "ಕಲಿಯಿರಿ, ಬೇಡ ಅಂದವರು ಯಾರು? ನಿಮಗೆ ಮೈ ಹುಷಾರಿಲ್ಲ ಅಂತ ಎಣಿಸಿದ್ದೆ ಮಾರಾಯ್ರೆ. ಮೊದಲೇ ಒಂದು ಮಾತು ಹೇಳಬಹುದಿತ್ತಲ್ಲ" ಅಂದರು.

ಆ ಮಾತು ನಾಟಿತು. ಪರೀಕ್ಷಿಸದ ಕೋಡನ್ನು ಗ್ರಾಹಕರು ಬಳಸುತ್ತಿರುವ ಸಿಸ್ಟಮ್‌ಗೆ ಹಾಕಬೇಡಿ ಎಂದು ಆಫೀಸಿನಲ್ಲಿ ಕಿರಿಯರಿಗೆ ದಿನಾ ಹೇಳುವವನು ನಾನು. ಕೋರ್ಟಿನಲ್ಲಿ ಅದನ್ನೇ ಮಾಡಿದ್ದೆ, ಅದೂ ಯಾರಿಗೂ ತಿಳಿಸದೆ.

ಹಾಗೆಂದು ಎಲ್ಲವನ್ನೂ ಗೋಡೆಗೆ ಹೊಡೆದು ಕಲಿಯಲಾಗದು. 30-40 ಇದ್ದಾಗ ಕೈ ಬಿಗಿಯುವುದನ್ನು ಗೋಡೆ ಕಲಿಸುವುದಿಲ್ಲ. ಯಾರದೋ ತಾಳ್ಮೆ ಬೇಕೇ ಬೇಕು. ಕೆಲಸಕ್ಕೆ ಸೇರಿದ ಹೊಸತರಲ್ಲಿ ನನ್ನ ತಪ್ಪು ಸರಿಪಡಿಸಲು ಹಿರಿಯರೊಬ್ಬರು ರಾತ್ರಿಯಿಡೀ ಕೂತಿದ್ದರು. ಬೋಪಣ್ಣನ ಗೆಲುವಿನ ಪಕ್ಕದಲ್ಲೂ ಮ್ಯಾಥ್ಯೂ ಎಬ್ಡೆನ್ ಹೆಸರಿದೆ. ಇನ್ನೊಬ್ಬರ ಖರ್ಚಿಲ್ಲದೆ ಕಲಿತವರು ಯಾರೂ ಇಲ್ಲ. ಆದರೆ ಕೇಳಿ ಪಡೆದರೆ ಅದು ಋಣ, ಕೇಳದೆ ತೆಗೆದುಕೊಂಡರೆ ಕಳವು. ಋಣವನ್ನು ತೀರಿಸಬಹುದು, ಕೊಟ್ಟವರಿಗಲ್ಲದಿದ್ದರೆ ಮುಂದೆ ಕಲಿಯಲು ಬರುವವರಿಗೆ.

ಈಗ ವಾರದ ನಡುವೆ ಎರಡು ದಿನ ಒಬ್ಬನೇ ಅಭ್ಯಾಸ ಮಾಡುತ್ತೇನೆ. ಭಾನುವಾರ ಮೊದಲ ಸೆಟ್ಟಿಗೆ ಹಳೆಯ ಹೊಡೆತ. ಹೊಸದು ಯಾವಾಗ ಎಂಬುದು ಜೊತೆಗಾರರ ಮರ್ಜಿ. ಮೊನ್ನೆ ಎರಡನೇ ಸೆಟ್ಟಿನಲ್ಲಿ 3-1 ಮುಂದಿದ್ದೆವು. "ಈಗ ಹೊಡೆಯಿರಿ ನಿಮ್ಮ ಹೊಸದು" ಅಂದರು. ಹೊಡೆದೆ. ಚೆಂಡು ಬೇಲಿಗೆ ಬಿತ್ತು. "ಇನ್ನೊಂದು" ಅಂದರು.