ಊರಾಚೆಯ ಸೂರು

ಹಿರಿಯ ನಾಗರಿಕರ 2007ರ ಕಾಯ್ದೆಯ 19ನೇ ಸೆಕ್ಷನ್ ಜಿಲ್ಲೆಗೆ ಕನಿಷ್ಠ ಒಂದು ವೃದ್ಧಾಶ್ರಮ, ಅದರಲ್ಲಿ 150 ನಿರ್ಗತಿಕರಿಗೆ ಜಾಗ ಎನ್ನುತ್ತದೆ. ಅದೂ ‘ಕಟ್ಟಬಹುದು’ ಎಂದು, ಕಟ್ಟಲೇಬೇಕು ಎಂದಲ್ಲ. ಕಟ್ಟಿದರೂ ಬೈರಕೂರಿನ ಮುದುಕಿಗೆ ಅದು ಮುಳಬಾಗಿಲು ದಾಟಿ ಎಲ್ಲೋ ಇರುತ್ತದೆ. ಸೂರು ಸಿಕ್ಕಿತು, ಊರು ಹೋಯಿತು.

ಇದು ನ್ಯಾಯವೇ? ಹೊಟ್ಟೆ ತುಂಬಿದರೆ ಸಾಕು ಎನ್ನುವವರಿಗೆ ಹೌದು. ನನಗೆ ಹಾಗನ್ನಿಸುವುದಿಲ್ಲ. ಆಂಧ್ರದ ಗಡಿಗೆ ಅಂಟಿದ ಈ ಸೀಮೆಯಲ್ಲಿ ಅವಳ ಮಾತು ಅರ್ಧ ಕನ್ನಡ, ಅರ್ಧ ತೆಲುಗು; ಅದಕ್ಕೆ ಹೂಂಗುಟ್ಟುವವರು ಇರುವುದು ಊರ ಜಗಲಿಯಲ್ಲಿ. ನರಸಾಪುರ, ವೇಮಗಲ್ ಕಡೆ ಕಾರ್ಖಾನೆಗಳಿಗೆ ನೂರಾರು ಎಕರೆ ಗುರುತಿಸಬಲ್ಲ ಜಿಲ್ಲೆಗೆ, ಪಂಚಾಯಿತಿಯ ಹೊಸ ನಿವೇಶನಗಳ ನಡುವೆ ಮುದುಕರಿಗೆ ನಾಲ್ಕು ಕೋಣೆ ಕಟ್ಟಿಸುವುದು ದುಬಾರಿಯೇನಲ್ಲ. ಹಾಗೆ ಮಾಡಿದರೆ ಮಕ್ಕಳು ಹೊಣೆ ಕಳಚಿಕೊಳ್ಳುತ್ತಾರೆ ಎಂಬ ಆಕ್ಷೇಪವಿದೆ. ಕೆಲವರು ಕಳಚಿಕೊಂಡಾರು. ಅದಕ್ಕೆ ಅವಳೇಕೆ ಊರು ಬಿಡಬೇಕು?