ಬಾಯಾರಿದವರ ಬಳಿಯ ಧರ್ಮ

ಅರಸೀಕೆರೆ ತಾಲ್ಲೂಕಿನ ಗಂಡಸಿಯ ಸುತ್ತಮುತ್ತ, ತೆಂಗಿನ ತೋಟಗಳ ನಡುವೆ ಹುಟ್ಟಿ ಬೆಳೆದವರಿಗೆ ರೋಗಿಯನ್ನು ನೋಡಲು ಬರಿಗೈಯಲ್ಲಿ ಹೋಗುವುದೆಂದರೆ ಸಂಕೋಚ. ಜ್ವರವಾಗಲಿ, ವಾಂತಿಯಾಗಲಿ, ಮುಪ್ಪಿನ ನಿತ್ರಾಣವೇ ಆಗಲಿ, ಮರದಿಂದ ಆಗತಾನೆ ಇಳಿಸಿದ ಎರಡು ಎಳನೀರನ್ನು ಹಿಡಿದುಕೊಂಡು ಹೋಗುವುದು ಅಲ್ಲಿಯ ವಾಡಿಕೆ. ಇಂಥ ಸೀಮೆಯಲ್ಲಿ ನಮ್ಮ ದೊಡ್ಡಮ್ಮ ಮೂತ್ರಪಿಂಡಗಳ ವ್ಯಾಧಿಯಿಂದ ಹಾಸಿಗೆ ಹಿಡಿದು, ವಾರಕ್ಕೆರಡು ಸಲ ಡಯಾಲಿಸಿಸ್ ಮಾಡಿಸಿಕೊಂಡು ಬರುತ್ತಿದ್ದ ಕಾಲದಲ್ಲಿ, ಒಂದು ಬೇಸಗೆಯ ಮಧ್ಯಾಹ್ನ ನೆರೆಮನೆಯ ಮುದುಕರೊಬ್ಬರು ತಂದ ಎಳನೀರನ್ನು ಸೊಸೆಯು ವಿನಯದಿಂದಲೇ ತೆಗೆದುಕೊಂಡು ಒಳಗಿಟ್ಟು, ಅತ್ತೆಯ ಒಣಗಿದ ತುಟಿಗೆ ಒದ್ದೆ ಬಟ್ಟೆಯ ತುದಿಯನ್ನು ಮಾತ್ರ ಮುಟ್ಟಿಸಿದಳು. ಮುದುಕರಿಗೆ ಸಹಿಸಲಾಗಲಿಲ್ಲ. "ಏನವ್ವಾ, ಜೀವ ನೀರು ನೀರು ಅಂತೈತೆ, ಕಣ್ಣೆದುರ್ಗೆ ಎಳನೀರೈತೆ, ಕೊಡ್ದೆ ಕುಂತಿದ್ದೀಯಲ್ಲ, ಈ ಪಾಪ ಯಾರ್ಗವ್ವಾ?" ಎಂದುಬಿಟ್ಟರು. ಆಕೆ ತಲೆ ತಗ್ಗಿಸಿದಳು. ವೈದ್ಯಶಾಸ್ತ್ರದ ಸಮಾಧಾನ ನನಗೆ ಗೊತ್ತಿತ್ತು. ಆದರೆ ಅವರು ಕೇಳಿದ್ದು ಧರ್ಮದ ಪ್ರಶ್ನೆ, ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.

ಆ ಪ್ರಶ್ನೆ ಸಣ್ಣದಲ್ಲ. ಬಾಯಾರಿದವರಿಗೆ ನೀರೀಯುವುದನ್ನು ನಮ್ಮ ನಾಡು ಎಲ್ಲ ದಾನಗಳ ಮೊದಲಲ್ಲಿಟ್ಟಿದೆ. ದಾರಿಗರಿಗಾಗಿ ಅರವಟ್ಟಿಗೆ ಇಡುವುದು, ಕೆರೆ ಕಟ್ಟಿಸುವುದು, ಬಾವಿ ತೋಡಿಸುವುದು, ಇವೆಲ್ಲ ಪುಣ್ಯಕಾರ್ಯಗಳೆಂದು ಶಾಸನಗಳು ಕೊಂಡಾಡುತ್ತವೆ. ಅರಸಿಯ ಕೆರೆಯಿಂದ ಒಂದು ಊರಿಗೇ ಹೆಸರು ಬಂದಿದೆ; ಹೊಯ್ಸಳರು ಇಂದಿನ ಹಳೇಬೀಡಿನಲ್ಲಿದ್ದ ತಮ್ಮ ರಾಜಧಾನಿಯನ್ನು ದೋರಸಮುದ್ರವೆಂದು ಕರೆದು ಸಮುದ್ರವೆಂಬ ಮಾತನ್ನೇ ಹೆಸರಿನಲ್ಲಿಟ್ಟುಕೊಂಡರು. ಭಾಗವತದ ರಂತಿದೇವನಾದರೋ ನಲವತ್ತೆಂಟು ದಿನ ಅನ್ನನೀರಿಲ್ಲದೆ ಕಳೆದ ಮೇಲೆ, ಅತಿಥಿಗಳಿಗಿತ್ತು ಉಳಿದಿದ್ದ ಕಡೆಯ ಗುಟುಕು ನೀರನ್ನೂ ಬಾಯಾರಿ ಬಂದವನಿಗೆ ಸಂತೋಷದಿಂದ ಕೊಟ್ಟುಬಿಟ್ಟನು. ಈ ಪರಂಪರೆಯಲ್ಲಿ ಬೆಳೆದ ಮುದುಕರ ಕಣ್ಣಿಗೆ, ಇದ್ದ ನೀರನ್ನು ತಡೆದ ಕೈ ಕಠಿನವಾಗಿ ಕಂಡದ್ದು ಸಹಜವೇ ಸರಿ.

ಆದರೆ ಆ ಕೈ ಏನನ್ನು ತಡೆಯುತ್ತಿತ್ತೆಂಬುದನ್ನೂ ನೋಡಬೇಕು. ಎಳನೀರಿನಲ್ಲಿ ಪೊಟ್ಯಾಸಿಯಂ ಎಂಬ ಲವಣಾಂಶ ಹೇರಳ, ಸೋಡಿಯಂ ಅತ್ಯಲ್ಪ. ನಮ್ಮ ದೇಹದ ಪೊಟ್ಯಾಸಿಯಮ್ಮಿನಲ್ಲಿ ನೂರಕ್ಕೆ 98 ಪಾಲು ಜೀವಕೋಶಗಳ ಒಳಗೇ ಇದ್ದು, ರಕ್ತದಲ್ಲಿ ಲೀಟರಿಗೆ 3.5ರಿಂದ 5 ಮಿಲಿಮೋಲಿನಷ್ಟು ಮಾತ್ರ ಸಂಚರಿಸುತ್ತದೆ. ಹೃದಯದ ಬಡಿತವು ತನ್ನ ಲಯವನ್ನು ಕಾಪಾಡಿಕೊಳ್ಳುವುದು ಈ ಕಿರಿದಾದ ಎಲ್ಲೆಯೊಳಗೆ. ಮೂತ್ರಪಿಂಡಗಳು ನೆಟ್ಟಗಿರುವವನು ಹಿತಮಿತವಾಗಿ ಎಳನೀರು ಕುಡಿದರೆ ಹೆಚ್ಚಿನದು ಹೊರಬೀಳುತ್ತದೆ. ಅವು ಸೋತವನಲ್ಲಿ ಅದು ಒಳಗೇ ನಿಂತು, ಪೂರ್ವಸೂಚನೆಯನ್ನೇ ಕೊಡದೆ ಹೃದಯವನ್ನು ನಿಲ್ಲಿಸಬಲ್ಲದು. ಬರಿಯ ನೀರೂ ನಿರಪಾಯವಲ್ಲ: ಹೊರಹೋಗಲಾರದ ನೀರು ಮೊದಲು ಪಾದದಲ್ಲಿ, ಮುಖದಲ್ಲಿ ಬಾವಾಗಿ ಕಾಣಿಸಿಕೊಂಡು, ತರುವಾಯ ಶ್ವಾಸಕೋಶವನ್ನು ಹೊಕ್ಕು, ಮಲಗಿದರೆ ಉಸಿರು ಸಿಕ್ಕಿಕೊಳ್ಳುವಂತೆ ಮಾಡುತ್ತದೆ. ಆದಕಾರಣ ಆಸ್ಪತ್ರೆಯ ದಾದಿ ಸೊಸೆಗೆ ಒಂದು ಲೆಕ್ಕ ಹೇಳಿಕೊಟ್ಟಿದ್ದಳು: ಹಿಂದಿನ ದಿನ ಎಷ್ಟು ಮೂತ್ರ ಹೋಯಿತೋ ಅಷ್ಟು, ಅದರ ಮೇಲೆ ಅರ್ಧ ಲೀಟರು, ಕಾಫಿ, ಮಜ್ಜಿಗೆ, ಸಾರು, ಗಂಜಿ, ಮಾತ್ರೆ ನುಂಗುವ ಗುಟುಕು, ಎಲ್ಲವೂ ಆ ಲೆಕ್ಕದ ಒಳಗೇ. ದಿನವೂ ಬೆಳಗ್ಗೆ ತೂಕ ನೋಡಬೇಕು. ಒಂದೆರಡು ದಿನದಲ್ಲಿ ಒಂದು ಕಿಲೋ ಏರಿತೆಂದರೆ ಅದು ಮೈ ತುಂಬಿಕೊಂಡದ್ದಲ್ಲ, ಒಂದು ಲೀಟರು ನೀರು ಒಳಗೆ ನಿಂತದ್ದು. ಹಳೆಯ ಶಾಲೆಯ ಪುಸ್ತಕವೊಂದರಲ್ಲಿ ಆ ಹೆಣ್ಣುಮಗಳು ಗೆರೆ ಎಳೆದು, ಒಳಗೆ ಹೋದದ್ದನ್ನು ಒಂದು ಕಡೆ, ಹೊರಗೆ ಬಂದದ್ದನ್ನು ಇನ್ನೊಂದು ಕಡೆ ಬರೆದಿಡುತ್ತಿದ್ದಳು. ಕೆರೆಯ ತೂಬು ಎತ್ತುವ ನೀರುಗಂಟಿಯನ್ನು ಕಂಡವರಿಗೆ ಈ ಪುಸ್ತಕದ ಅರ್ಥ ವಿವರಿಸಬೇಕಾಗಿಲ್ಲ. ಒಳಹರಿವೆಷ್ಟು, ಕೋಡಿ ಬೀಳುವುದೆಂದು, ಯಾವ ಗದ್ದೆಗೆ ಎಷ್ಟು ಹೊತ್ತು ಎಂದು ತಿಳಿದು ತೂಬನ್ನು ಎತ್ತುವವನು ಅವನು. ಅವನು ತೂಬು ಮುಚ್ಚಿದ ದಿನ ಯಾರೂ ಅವನನ್ನು ನಿರ್ದಯನೆಂದು ಕರೆಯುವುದಿಲ್ಲ.

ಮುದುಕರ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡು ಯೋಚಿಸುತ್ತಿದ್ದಾಗ ನನಗೆ ನೆನಪಾದದ್ದು ಅರಣ್ಯಪರ್ವದ ಕಡೆಯಲ್ಲಿ ಬರುವ ಯಕ್ಷನ ಕೊಳ. ಬಾಯಾರಿ ಬಳಲಿದ ಪಾಂಡವರು ಒಬ್ಬರ ಹಿಂದೊಬ್ಬರು ಆ ಕೊಳದ ದಡಕ್ಕೆ ಬರುತ್ತಾರೆ. ನನ್ನ ಪ್ರಶ್ನೆಗೆ ಉತ್ತರ ಹೇಳಿ ಆಮೇಲೆ ಕುಡಿಯೆಂಬ ವಾಣಿ ಕೇಳಿಸುತ್ತದೆ. ನಕುಲ, ಸಹದೇವ, ಅರ್ಜುನ, ಭೀಮರು ಅದನ್ನು ಲಕ್ಷಿಸದೆ ಕುಡಿದು ಬೀಳುತ್ತಾರೆ. ಧರ್ಮರಾಯನೊಬ್ಬನೇ ತನ್ನ ದಾಹವನ್ನು ಹಿಡಿದು ನಿಲ್ಲಿಸಿ ಉತ್ತರ ಹೇಳುತ್ತಾನೆ. ಈ ಕಥೆಯನ್ನು ಚಿಕ್ಕಂದಿನಿಂದ ಕೇಳುತ್ತ ಬಂದ ನಾವು ಪ್ರಶ್ನೋತ್ತರಗಳ ಚಾತುರ್ಯಕ್ಕೆ ಮರುಳಾಗಿ, ಅದರ ಬುಡದಲ್ಲಿರುವ ಸಂಗತಿಯನ್ನು ಮರೆತೇಬಿಡುತ್ತೇವೆ: ನೀರೇ ಆದರೂ, ದಾಹವೇ ಆದರೂ, ಕುಡಿಯುವ ಮುನ್ನ ಉತ್ತರಿಸಬೇಕಾದ ಪ್ರಶ್ನೆಯೊಂದಿರುತ್ತದೆ. ರೋಗಿಯ ಮಂಚದ ಬಳಿಯ ಪ್ರತಿಯೊಂದು ಲೋಟವೂ ಅಂಥದೊಂದು ಕೊಳ. ನಿನ್ನೆ ಎಷ್ಟು ಹೊರಗೆ ಹೋಯಿತು? ಕಾಲಿನ ಬಾವು ಇಳಿಯಿತೆ? ಉಸಿರು ಹೇಗಿದೆ? ತಾನು ಬಾಯಾರಿದಾಗ ಈ ಪ್ರಶ್ನೆಗಳಿಗೆ ನಿಲ್ಲುವುದು ಕಷ್ಟ. ತಾನು ಪ್ರೀತಿಸುವವರು ಬಾಯಾರಿದಾಗ ನಿಲ್ಲುವುದು ಅದಕ್ಕಿಂತಲೂ ಕಷ್ಟ.

ಇಷ್ಟು ಹೇಳಿದ ಮಾತ್ರಕ್ಕೆ ತಡೆಯುವುದೇ ಧರ್ಮವೆಂದು ಯಾರೂ ತಿಳಿಯಬಾರದು. ಇದೇ ನಮ್ಮ ಹಳ್ಳಿಗಳಲ್ಲಿ, ಭೇದಿಯಾದ ಕೂಸಿಗೆ ನೀರು ಕುಡಿಸಿದರೆ ಭೇದಿ ಹೆಚ್ಚುತ್ತದೆಂಬ ನಂಬಿಕೆಯಿಂದ ತೊಟ್ಟು ನೀರನ್ನೂ ತಡೆದ ಮನೆಗಳಿದ್ದವು. ಕೂಸಿನ ಮೈಯಲ್ಲಿ ಮುಕ್ಕಾಲು ಪಾಲಿನಷ್ಟು ನೀರೇ. ಕಣ್ಣು ಗುಳಿ ಬಿದ್ದು, ನೆತ್ತಿ ತಗ್ಗಿ, ಹೊಟ್ಟೆಯ ಚರ್ಮವನ್ನು ಚಿವುಟಿ ಬಿಟ್ಟರೆ ಮಡಿಕೆ ಹಾಗೆಯೇ ನಿಲ್ಲುವ ಹೊತ್ತಿಗೆ ಕಾಲ ಮೀರುತ್ತ ಬಂದಿರುತ್ತದೆ. ಅಲ್ಲಿ ತಡೆದ ಕೈ ನಿಜವಾಗಿಯೂ ಪಾಪ ಮಾಡಿತು, ಪ್ರೀತಿಯಿಂದಲೇ ಮಾಡಿತು. 1971ರಲ್ಲಿ ಬಾಂಗ್ಲಾ ಯುದ್ಧದ ನಿರಾಶ್ರಿತರು ಬನಗಾಂವಿನ ಶಿಬಿರಗಳಲ್ಲಿ ಕಾಲರಾ ಹಿಡಿದು ಸಾಯುತ್ತಿದ್ದಾಗ, ರಕ್ತನಾಳಕ್ಕೆ ಹಾಕುವ ದ್ರವದ ಬಾಟಲಿಗಳು ಮುಗಿಯುತ್ತ ಬಂದುದನ್ನು ಕಂಡ ವೈದ್ಯ ದಿಲೀಪ್ ಮಹಲನಬೀಸರು, ಲೀಟರು ನೀರಿಗೆ 22 ಗ್ರಾಂ ಗ್ಲೂಕೋಸ್, 3.5 ಗ್ರಾಂ ಉಪ್ಪು, 2.5 ಗ್ರಾಂ ಅಡುಗೆಸೋಡದ ಹದದಲ್ಲಿ ಪುಡಿಯನ್ನು ಬೆರೆಸಿ, ರೋಗಿಗಳ ತಾಯಂದಿರ, ಅಣ್ಣತಮ್ಮಂದಿರ ಕೈಗೇ ಲೋಟವನ್ನು ಕೊಟ್ಟರು. ನೂರಕ್ಕೆ 30ರ ಸಮೀಪವಿದ್ದ ಸಾವು 4ಕ್ಕಿಂತ ಕೆಳಗಿಳಿಯಿತು. ಸಕ್ಕರೆಯ ಅಂಶ ಜೊತೆಗಿದ್ದರೆ ಕರುಳು ಉಪ್ಪನ್ನು ಒಳಗೆಳೆದುಕೊಳ್ಳುತ್ತದೆ, ಉಪ್ಪಿನ ಹಿಂದೆ ನೀರು ಹೋಗುತ್ತದೆ. ಮೂರರಲ್ಲಿ ಒಂದು ಕೊರೆಯಾದರೂ ಉಳಿದೆರಡು ಸೋಲುತ್ತವೆ. ಪೊಟ್ಟಣ ಸಿಗದ ಮನೆಯಲ್ಲಿ ಒಂದು ಲೀಟರು ಕಾಯಿಸಿ ಆರಿಸಿದ ನೀರಿಗೆ ಸಮಮಟ್ಟದ ಆರು ಚಹಾಚಮಚ ಸಕ್ಕರೆ, ಅರ್ಧ ಚಹಾಚಮಚ ಉಪ್ಪು ಸಾಕು.

ದೊಡ್ಡಮ್ಮನಿಗೆ ತಡೆದ ನೀರೂ ಶಿಬಿರದಲ್ಲಿ ಕುಡಿಸಿದ ನೀರೂ ಒಂದೇ ಧರ್ಮದಿಂದ ಹುಟ್ಟಿದವು. ಆ ಧರ್ಮಕ್ಕೆ ನಮ್ಮ ರೈತರ ಬಾಯಲ್ಲಿ ಒಂದು ಹೆಸರಿದೆ, ಹದ. ರಾಗಿ ಬಿತ್ತುವವನು ಮಳೆ ಬಿತ್ತೆಂದ ಕೂಡಲೇ ಕೂರಿಗೆ ಹೂಡುವುದಿಲ್ಲ. ಮಣ್ಣನ್ನು ಮುಷ್ಟಿಯಲ್ಲಿ ಹಿಡಿದು ನೋಡಿ ಹದ ಬಂತೆಂದ ಮೇಲೆ ಹೂಡುತ್ತಾನೆ. ದಯೆಗೂ ಮುಷ್ಟಿಯಲ್ಲಿ ಹಿಡಿದು ನೋಡುವ ಈ ವಿವೇಕ ಬೇಕು.

ಲವಣದ ಮಾತು ಬಂದುದರಿಂದ ಛಾಂದೋಗ್ಯದ ಉದ್ದಾಲಕನನ್ನು ನೆನೆಯದೆ ಮುಂದೆ ಹೋಗಲಾರೆ. ಅವನು ಮಗನಾದ ಶ್ವೇತಕೇತುವಿಗೆ ಹದಿನೈದು ದಿನ ಉಣ್ಣದಿರು, ನೀರನ್ನು ಬೇಕಾದಷ್ಟು ಕುಡಿ, ಪ್ರಾಣವು ಜಲಮಯವಾದ್ದರಿಂದ ಅದು ಕಡಿದುಹೋಗದೆಂದು ಹೇಳಿ, ಹದಿನಾರನೆಯ ದಿನ ವೇದವನ್ನು ಹೇಳೆಂದಾಗ ಆ ಹುಡುಗನಿಗೆ ಒಂದು ಋಕ್ಕೂ ಹೊಳೆಯಲಿಲ್ಲ. ಉಂಡ ಮೇಲೆ ಎಲ್ಲವೂ ಮರಳಿ ಬಂದಿತು. ಅದೇ ಅಧ್ಯಾಯದಲ್ಲಿ, ರಾತ್ರಿ ನೀರಿಗೆ ಹಾಕಿದ ಉಪ್ಪು ಬೆಳಗ್ಗೆ ಕೈಗೆ ಸಿಗುವುದಿಲ್ಲ, ಆದರೆ ಮೇಲಿನಿಂದ, ನಡುವಿನಿಂದ, ಬುಡದಿಂದ ಕುಡಿದರೂ ಉಪ್ಪೇ. ಕಾಣದಿದ್ದರೂ ಸದ್ವಸ್ತುವು ಹಾಗೆಯೇ ಎಲ್ಲೆಲ್ಲೂ ಇದೆಯೆಂದು ಬೋಧಿಸುತ್ತಾನೆ. ಉಪನಿಷತ್ತಿನಲ್ಲಿ ಇಂದಿನ ರಸಾಯನವೆಲ್ಲ ಇತ್ತೆಂದು ಸಾರುವ ಅಭ್ಯಾಸ ನನಗೆ ಸಮ್ಮತವಲ್ಲ. ಉಪ್ಪು ಅಲ್ಲಿ ದೃಷ್ಟಾಂತ ಮಾತ್ರ. ಆದರೂ ರಕ್ತದ ಸೋಡಿಯಂ ಲೀಟರಿಗೆ 135ರಿಂದ 145 ಮಿಲಿಮೋಲಿನ ನಡುವೆ ಇರಬೇಕಾದದ್ದು 115ಕ್ಕೆ ಇಳಿದ ಮುದುಕನ ಬಳಿ ಕುಳಿತವರಿಗೆ ಈ ಎರಡು ಕಥೆಗಳೂ ಬೇರೆಯಾಗಿಯೇ ಕೇಳಿಸುತ್ತವೆ. ನಿನ್ನೆಯವರೆಗೆ ಸಂತೆಯ ಲೆಕ್ಕವನ್ನು ಬಾಯಲ್ಲೇ ಹೇಳುತ್ತಿದ್ದವರು ಇಂದು ಮಗಳ ಹೆಸರನ್ನು ತಪ್ಪುತ್ತಾರೆ, ಹಗಲನ್ನು ರಾತ್ರಿಯೆನ್ನುತ್ತಾರೆ. ಮನೆಯವರು ಅರಳುಮರುಳೆಂದು ಕೈಬಿಡುತ್ತಾರೆ. ಕಾಣದ ಉಪ್ಪೊಂದು ಕಡಿಮೆಯಾದುದೆಂದು ತಿಳಿದು ಅದನ್ನು ತುಂಬಿದರೆ ಹಳೆಯ ಮನುಷ್ಯರು ಮರಳಿ ಬರುತ್ತಾರೆ. ಆತ್ಮವು ನಿತ್ಯವೆಂದು ನಂಬಿದವನು ನಾನು. ಆದರೆ ಅದು ನಮ್ಮೊಡನೆ ಮಾತನಾಡಲು ಬಳಸುವ ವೀಣೆಯ ತಂತಿ ಎಷ್ಟು ನವುರಾದದ್ದೆಂಬುದನ್ನು ನಾನು ಕಲಿತದ್ದು ಗ್ರಂಥದಿಂದಲ್ಲ, ಇಂಥ ಹಾಸಿಗೆಗಳ ಬಳಿ. ಈ ತಂತಿಯನ್ನು ಅವಸರದಿಂದ ಬಿಗಿದರೂ ಕೇಡೇ: ಬಹುದಿನ ತಗ್ಗಿದ್ದ ಸೋಡಿಯಮ್ಮನ್ನು ದಿನವೊಂದಕ್ಕೆ ಲೀಟರಿಗೆ 8ರಿಂದ 10 ಮಿಲಿಮೋಲಿಗಿಂತ ಹೆಚ್ಚು ಏರಿಸಿದರೆ ಮೆದುಳೇ ಘಾಸಿಗೊಳ್ಳಬಹುದು. ರಾತ್ರಿಯೆಲ್ಲ ಎದ್ದಿದ್ದು ಹನಿಗಳನ್ನು ಎಣಿಸುವ ದಾದಿಯ ತಾಳ್ಮೆಗೆ ತಪಸ್ಸೆಂಬ ಮಾತನ್ನು ಬಳಸಲು ನನಗೆ ಸಂಕೋಚವಿಲ್ಲ.

ಚರಕಸಂಹಿತೆಯು ಚಿಕಿತ್ಸೆಗೆ ನಾಲ್ಕು ಪಾದಗಳನ್ನು ಹೇಳುತ್ತದೆ: ವೈದ್ಯ, ಔಷಧ, ಉಪಚಾರಕ, ರೋಗಿ. ಉಪಚಾರಕನಲ್ಲಿ ಇರಬೇಕಾದವು ಉಪಚಾರದ ತಿಳಿವಳಿಕೆ, ದಕ್ಷತೆ, ಅನುರಾಗ, ಶೌಚ. ತಿಳಿವಳಿಕೆಯನ್ನೂ ಅನುರಾಗವನ್ನೂ ಒಂದೇ ವ್ಯಕ್ತಿಯಲ್ಲಿ ಬೇಡಿದ್ದರಲ್ಲಿ ನಮ್ಮ ಮುದುಕರಿಗೆ ಕೊಡಬೇಕಾದ ಉತ್ತರವಿದೆಯೆಂದು ನನಗೆ ತೋರುತ್ತದೆ. ನೀರನ್ನು ತಡೆದು ಎದ್ದುಹೋದ ಕೈ ಬರಿಯ ಕಾವಲುಗಾರನ ಕೈ. ಸೊಸೆ ಎದ್ದುಹೋಗಲಿಲ್ಲ. ಗಂಟೆಗೊಮ್ಮೆ ಬಾಯಿ ಮುಕ್ಕಳಿಸಲು ಕೊಟ್ಟು ಉಗುಳಿಸಿದಳು, ತುಟಿಗೆ ಬೆಣ್ಣೆ ಸವರಿದಳು, ನಿಂಬೆಯ ಚೂರನ್ನು ಚೀಪಲು ಕೊಟ್ಟಳು. ದಿನದ ಪಾಲನ್ನು ದೊಡ್ಡ ಲೋಟದಲ್ಲಿಡದೆ ಪುಟ್ಟ ಬಟ್ಟಲುಗಳಲ್ಲಿ ಹಂಚಿ, ಇನ್ನೊಂದು ಬಟ್ಟಲು ಉಳಿದಿದೆಯೆಂಬ ಧೈರ್ಯವನ್ನು ಸಂಜೆಯವರೆಗೆ ಕಾದಿಟ್ಟಳು. ಸಾರಿಗೆ ಉಪ್ಪನ್ನು ಕಡಿಮೆ ಮಾಡಿ, ಆ ಸಪ್ಪೆ ಸಾರನ್ನೇ ತಾನೂ ಉಂಡಳು. ಅತ್ತೆ ನೀರಿಗಾಗಿ ಬೈದ ಬೈಗಳನ್ನು ಕೇಳಿಸಿಕೊಂಡು ಅಲ್ಲೇ ಕುಳಿತಿದ್ದಳು. ರಂತಿದೇವನು ತನ್ನ ನೀರನ್ನಿತ್ತು ಪರರ ದಾಹವನ್ನು ತಾನು ಹೊತ್ತನು. ಈಕೆ ನೀರನ್ನು ತಡೆದು ಅದನ್ನೇ ಹೊತ್ತಳು.

ಎರಡು ವರ್ಷದ ಮೇಲೆ ದೊಡ್ಡಮ್ಮನ ಕಾಲ ಬಂದಿತು. ಇನ್ನು ಮಾಡುವುದೇನೂ ಉಳಿದಿಲ್ಲವೆಂದು ವೈದ್ಯರು ಹೇಳಿದ ಆ ದಿನ ಸೊಸೆಯು ಪುಸ್ತಕವನ್ನು ಮುಚ್ಚಿಟ್ಟು, ಅತ್ತೆ ಕೇಳಿದಷ್ಟು ಸಲ ಎಳನೀರನ್ನೇ ಚಮಚದಿಂದ ಬಾಯಿಗೆ ಬಿಟ್ಟಳು. ಕೊಳದ ದಡದ ಪ್ರಶ್ನೆಗೆ ಅಂದಿನ ಉತ್ತರ ಬೇರೆಯಾಗಿತ್ತು. ಅದೇ ಮುದುಕರು ಅಂದು ಬಾಗಿಲ ಬಳಿ ನಿಂತಿದ್ದರು, ಏನನ್ನೂ ಕೇಳಲಿಲ್ಲ.

ನಮ್ಮ ಕಡೆಯ ಬಂಧುಗಳಲ್ಲಿ ನನ್ನದೊಂದು ಬಿನ್ನಹ. ರೋಗಿಯ ಮನೆಗೆ ಎಳನೀರು ಒಯ್ಯುವುದನ್ನು ಬಿಡಬೇಡಿ. ಆದರೆ ಕೆತ್ತುವ ಮೊದಲು, ಪುಸ್ತಕ ಬರೆಯುತ್ತಿರುವವರನ್ನು ಕೊಡಬಹುದೇ ಎಂದು ಕೇಳಿ. ಬೇಡವೆಂದರೆ ಅದನ್ನು ಬರೆಯುವವರಿಗೇ ಕುಡಿಯಲು ಕೊಟ್ಟು, ಒಂದು ಗಳಿಗೆ ಅವರ ಬದಲು ನೀವು ಮಂಚದ ಬಳಿ ಕುಳಿತುಕೊಳ್ಳಿ.